ಮಂಜಣ್ಣನ ಅಂಗಿ

3-7-2008, ಗುರುವಾರ

ಶಾಲೆಯ ಯೂನಿಫಾರ್ಮ್ ಇನ್ನೂ ಹನ್ನೊಂದು ಬಾಕಿ. ಗುಂಡಿಗೆ ಕಾಜಾ ಹಾಕುವಾಗ ಕೆಮ್ಮು ಬಂತು, ಬಿಡಲೇ ಇಲ್ಲ. ಮಧ್ಯಾಹ್ನ ಅಂಗಡಿಯ ಪರದೆ ಎಳೆದು ನನ್ನ ಪ್ಯಾಂಟಿನ ಸೊಂಟ ಒಳಗೆ ಹಿಡಿದು ಹೊಲಿದೆ — ಯುಗಾದಿಯಿಂದ ಮೂರನೇ ಸಲ. ಅಂಗಿಗೂ ಮಗ್ಗುಲು ಹಿಡಿದೆ. ಟೇಲರ್ ಆಗಿದ್ದಕ್ಕೆ ಇದೊಂದು ಲಾಭ. ಸೊರಗಿದ್ದು ಯಾರ ಕಣ್ಣಿಗೂ ಬೀಳುವುದಿಲ್ಲ. ಹೆಂಡತಿ ಶೈಲಾಳ ಕಣ್ಣಿಗೂ.

ಮಂಜಣ್ಣನ ಅಂಗಿ ಇನ್ನೂ ಮೊಳೆಯಲ್ಲೇ ನೇತಾಡುತ್ತಿದೆ. ಟೆಂಪೋ ಓಡಿಸುತ್ತಿದ್ದ ಗೆಳೆಯ. ಯುಗಾದಿಗೆಂದು ಹೊಲಿಯಲು ಕೊಟ್ಟ, ಒಯ್ಯುವ ಮೊದಲೇ ಸತ್ತ. ಅವನ ಮನೆಯವರಿಗೂ ಅದು ಬೇಡವಂತೆ.

7-7-2008, ಸೋಮವಾರ

ಇಲ್ಲಿ ಕೂಡ್ಲಿಗಿಯ ಆಸ್ಪತ್ರೆಯಲ್ಲಿ ಗುರುತಿನವರು ಜಾಸ್ತಿ. ಅದಕ್ಕೇ ಹರಪನಹಳ್ಳಿಗೆ ಹೋದೆ. ದಾರ, ಗುಂಡಿ ತರುತ್ತೇನೆಂದು ಶೈಲಾಳಿಗೆ ಹೇಳಿದ್ದೆ. ರಕ್ತ ಕೊಟ್ಟು ಕಾದೆ. ಎಚ್‌ಐವಿ ಪಾಸಿಟಿವ್.

ಕೌನ್ಸೆಲರ್ ಮೆಹರೀನ ಮೇಡಂ ನೀರು ಕೊಟ್ಟರು. “ಗಾಬರಿ ಆಗಬ್ಯಾಡ್ರಿ. ಗುಳಿಗಿ ಐತಿ, ಪುಕ್ಕಟೆ ಕೊಡ್ತಾರ. ಆದ್ರ ತಡ ಮಾಡಬ್ಯಾಡ್ರಿ. ಈ ವಾರನ ಬಳ್ಳಾರಿಗೆ ಹೋಗ್ರಿ. ಮನಿಯವರನ್ನ ಕರ್ಕೊಂಡ ಹೋಗ್ರಿ, ಅವರ ರಕ್ತಾನೂ ನೋಡಬೇಕು.”

ಹೂಂ ಎಂದೆ. ಮಂಜಣ್ಣನ ಟೆಂಪೋದಲ್ಲಿ ಹೊಸಪೇಟೆಗೆ ಹೋಗುತ್ತಿದ್ದ ಆ ದಿನಗಳು... ಅವನು ಹೋದ ಮನೆಗಳಿಗೆ ನಾನೂ ಹೋಗಿದ್ದೆ. ಶೈಲಾಳಿಗೆ ಯಾವ ಬಾಯಿಂದ ಹೇಳಲಿ?

24-7-2008, ಗುರುವಾರ

ನಿನ್ನೆ ಅಂಗಿಯ ಮುಖವನ್ನು ಗೋಡೆಗೆ ತಿರುಗಿಸಿ ಬಂದಿದ್ದೆ. ಬೆಳಿಗ್ಗೆ ಬಾಗಿಲು ತೆರೆದರೆ ನನ್ನ ಕಡೆಗೇ ಮುಖ ಮಾಡಿದೆ. ಗಾಳಿಗಿರಬೇಕು. ಆದರೆ ಅಂಗಡಿಗೆ ಕಿಟಕಿಯೇ ಇಲ್ಲ. ಫ್ಯಾನ್ ಕೆಟ್ಟು ವಾರವಾಯಿತು.

ಬಾಗಿಲಿಗೆ ಬೆನ್ನು ಮಾಡಿ ಇಸ್ತ್ರಿ ತಿಕ್ಕುತ್ತಿದ್ದೆ. ವೀಳ್ಯದೆಲೆ ಮಾರುವ ಜೋಗಮ್ಮ ಬಂದು ನಿಂತಳು. “ಏನ್ ಮಂಜಣ್ಣಾ, ಅಂಗಿ ಒಯ್ಯಾಕ ಬಂದೀ ಏನ್?”

ತಿರುಗಿದೆ. ನನ್ನ ಮುಖ ನೋಡಿದವಳೇ ಬುಟ್ಟಿ ಎತ್ತಿಕೊಂಡು ಹೋಗಿಬಿಟ್ಟಳು. ಎಲೆ ಕೊಡಲೇ ಇಲ್ಲ.

25-7-2008

ಅಳತೆ ಪುಸ್ತಕದ ಹಿಂಬದಿಯಲ್ಲೇ ನಾನು ಇದನ್ನೆಲ್ಲ ಬರೆಯುವುದು. ಇವತ್ತು ಮುಂಬದಿ ತಿರುವಿದೆ. ಮಂಜಣ್ಣ — ಎದೆ 38. ಆಮೇಲೆ 36. ಕೊನೆಗೆ 33. ಎಲ್ಲ ನನ್ನದೇ ಕೈಬರಹ. ಏನಾಗಿದೆಯೋ ನಿನಗೆ ಎಂದು ಒಮ್ಮೆಯೂ ಕೇಳಲಿಲ್ಲ ನಾನು.

ಟೇಪನ್ನು ನನ್ನ ಎದೆಗೆ ಸುತ್ತಿದೆ. 33.

ಅವನ ಅಂಗಿ ತೊಟ್ಟು ನೋಡಿದೆ. ಎಲ್ಲೂ ಸಡಿಲವಿಲ್ಲ, ಎಲ್ಲೂ ಬಿಗಿಯಿಲ್ಲ. ನನ್ನದೇ ಅಳತೆ ಕೊಟ್ಟು ಹೊಲಿಸಿದಂತೆ ಕೂತಿತು. ಬಿಚ್ಚುವಾಗ ಗುಂಡಿ ಸಿಗುತ್ತಿರಲಿಲ್ಲ, ಅಷ್ಟು ಭಯ. ನಾಳೆ ಶೈಲಾಳಿಗೆ ಹೇಳುತ್ತೇನೆ.

10-8-2008, ಭಾನುವಾರ

ಹೇಳಲಿಲ್ಲ. ಅವಳೇ ಕಂಡುಹಿಡಿದಳು. ಒಗೆಯಲು ಪ್ಯಾಂಟ್ ಉಲ್ಟಾ ಮಾಡಿದವಳು ಹಾಗೇ ತಂದು ಮುಂದೆ ಹಿಡಿದಳು. ಸೊಂಟದ ಒಳಗೆ ಈಗ ನಾಲ್ಕು ಸಾಲು ಹೊಲಿಗೆ. ಒಂದೊಂದನ್ನೂ ಬೆರಳಿಟ್ಟು ಮುಟ್ಟಿದಳು.

“ಎಷ್ಟ ದಿನ ಆತು?”

ಎಲ್ಲ ಹೇಳಿದೆ. ಟೆಂಪೋ, ಆ ಮನೆಗಳು, ಹರಪನಹಳ್ಳಿಯ ಚೀಟಿ. ಬೈದಳು. ಅತ್ತಳು. ಒಲೆ ಹಚ್ಚದೆ ಗೋಡೆಗೆ ಒರಗಿ ಕೂತಳು. ಸಂಜೆ ತಾನೇ ಎದ್ದು ಬಂದಳು. “ತಿಂಗಳ ಮ್ಯಾಲಾತಲ್ರಿ! ಗುಳಿಗಿ ಐತಿ ಅಂದ್ರೂ ಸಾಯಾಕ ಕುಂತೀರೇನ್? ನಾಡಿದ್ದ ಬಳ್ಳಾರಿಗೆ ಹೋಗೂಣು.”

ನಾಚಿಕೆಯಾಯಿತು. ಹಗುರವೂ ಆಯಿತು.

12-8-2008, ಬಳ್ಳಾರಿ, ಬೆಳಿಗ್ಗೆ 11

ಆಸ್ಪತ್ರೆಯ ಬೆಂಚಿನ ಮೇಲೆ ಕೂತು ಬರೆಯುತ್ತಿದ್ದೇನೆ. ನನ್ನ ರಕ್ತ ತೆಗೆದುಕೊಂಡಾಯಿತು. “ಇಷ್ಟ ದಿನ ಎಲ್ಲಿದ್ರಿ?” ಎಂದು ಡಾಕ್ಟರು ಬೈದರು, ಆಮೇಲೆ ಬೆನ್ನು ತಟ್ಟಿದರು. ರಿಪೋರ್ಟ್ ಬಂದ ಕೂಡಲೇ ಗುಳಿಗೆ ಶುರು. ಬಿಡದೆ ನುಂಗಿದರೆ ಮೈ ಮತ್ತೆ ತುಂಬಿಕೊಳ್ಳುತ್ತದಂತೆ.

ಪುಸ್ತಕ ತರಲು ಬೆಳಿಗ್ಗೆ ಅಂಗಡಿಗೆ ಹೋಗಿದ್ದೆ. ಶೈಲಾ ಬಾಗಿಲ ಹೊರಗೇ ನಿಂತಿದ್ದಳು. ಮಂಜಣ್ಣನ ಅಂಗಿ ನನ್ನ ಕಡೆ ತಿರುಗಿರಲಿಲ್ಲ. ಬಾಗಿಲ ಕಡೆ ಮುಖ ಮಾಡಿತ್ತು.

ಈಗ ಶೈಲಾಳ ಹೆಸರು ಕರೆದರು. ರಕ್ತ ಕೊಡಲು ಎದ್ದಳು. ಸೆರಗು ಸರಿಯಿತು. ರವಿಕೆ ಯುಗಾದಿಗೆ ನಾನೇ ಹೊಲಿದದ್ದು. ಮಗ್ಗುಲಲ್ಲಿ ಬಟ್ಟೆ ನಿರಿಗೆ ಬಿದ್ದಿದೆ. ಒಳಗಿನಿಂದ ಹಿಡಿದಿದ್ದಾಳೆ — ಮಿಷನ್ನಿನ ಹೊಲಿಗೆಯಲ್ಲ, ಕೈಹೊಲಿಗೆ. ನನಗೆ ಗೊತ್ತಾಗದಂತೆ.

ಎಷ್ಟು ದಿನದಿಂದ—