ಬಾಯಿಗೆ ಹಾಕಿದ ಬೀಗ

ಅಪ್ಪಾ,

ಮುಂಬಾಗಿಲ ಬೀಗ ಹುಡುಕಬೇಡಿ. ನಿಮ್ಮ ಮೊಮ್ಮಗಳು ಅದನ್ನು ತುಟಿಗೆ ಒತ್ತಿಕೊಂಡೇ ಮಲಗಿದ್ದಾಳೆ.

ನಿನ್ನೆ ಮನೆಪಾಠದಲ್ಲಿ "ಸ್ವಲ್ಪ ಬಾಯಿಗೆ ಬೀಗ ಹಾಕ್ಕೋ" ಅಂದಿರಲ್ಲ. ಹೇಳಿದ್ದನ್ನು ಹೇಳಿದ ಹಾಗೇ ನಂಬುವ ಮಗು ಅದು ಅಂತ ಎಷ್ಟು ಸಲ ಬಡಕೊಂಡಿಲ್ಲ ನಾನು? ಹೋದ ವಾರ "ತಲೆ ತಿನ್ನಬೇಡ" ಅಂದಾಗ, ಪಾಪ, ನಿಮ್ಮ ಬೋಳುತಲೆಯನ್ನು ಸುತ್ತಲೂ ನೋಡಿ "ಕಚ್ಚಿಲ್ಲ" ಅಂದಿದ್ದಳು. ನಾವು ಐದು ವರ್ಷ ಕಾದ ಮೇಲೆ ಅವಳಿಗೆ ಬಂದ ಮಾತು. ನೀವು ಒಂದೇ ಏಟಿಗೆ ನಿಲ್ಲಿಸಿಬಿಟ್ಟಿರಿ!

ತಿಂಡಿ ಡಬ್ಬಿಯಲ್ಲಿದೆ. ಬೀಗದ ಪಕ್ಕದಿಂದ ಚಿಕ್ಕ ಚಮಚದಲ್ಲಿ ತಿನ್ನಿಸಿ, ನಾನೂ ನಿನ್ನೆ ಹಾಗೇ ಮಾಡಿದೆ. ಪಾಠದ ಅಕ್ಷರದ ಬಿಲ್ಲೆಗಳು ಕಿಟಕಿ ಹತ್ತಿರ ಇವೆ. ಬುದ್ಧಿ ಹೇಳಲು ಹೋಗಬೇಡಿ, ನಿಮ್ಮ ಬಾಯಲ್ಲಿ ಅದೂ ಬೈಗುಳದ ಹಾಗೇ ಕೇಳಿಸುತ್ತದೆ.

ಬೀಗವನ್ನು ಕಿತ್ತುಕೊಳ್ಳಲೂ ಬೇಡಿ. ಕೀ ಎಲ್ಲಿ ಅಂತ ಕೇಳಿದೆ. ನಿಮ್ಮ ಕೋಣೆ ಕಡೆ ಬೆರಳು ತೋರಿಸಿದಳು. ಅದು ಯಾವಾಗಲೂ ನಿಮ್ಮ ಅಂಗಿ ಜೇಬಲ್ಲೇ ಇರುತ್ತದಲ್ಲ, ನೋಡಿ. ಬೇರೆ ಕೀ ಆದರೆ ಅವಳು ಒಪ್ಪುವುದಿಲ್ಲ. ಎದುರು ಕೂತು, "ತಾತಂದೇ ತಪ್ಪು" ಅಂತ ಹೇಳಿ, ನಿಧಾನವಾಗಿ ತಿರುಗಿಸಿ.

ಆಮೇಲೆ ಸಂಜೆ ತನಕ ತಲೆ ತಿಂದರೂ, ತಿನ್ನಿಸಿಕೊಳ್ಳಿ.