ಯಾರು ಯಾರನ್ನು ತಳ್ಳಿದರು

ಫೆಬ್ರುವರಿ ಮೂವತ್ತು, ೨೧೮೭
ಕಪ್ಪತಗುಡ್ಡದ ಕೆಳಗಿನ ಗಾಳಿಕಂಬದೂರು

ನನಗಿಂತ ನೂರೈವತ್ತು ವರ್ಷಕ್ಕೂ ಹಿಂದೆ ಮಕ್ಕಳನ್ನು ಬೆಳೆಸುತ್ತಿರುವವರಿಗೂ ಅವರಿಗೆ ಕನ್ನಡ ಕಲಿಸುತ್ತಿರುವವರಿಗೂ,

ಈ ತಾರೀಖು ನಿಮ್ಮ ಕ್ಯಾಲೆಂಡರಿನಲ್ಲಿ ಸಿಗುವುದಿಲ್ಲ. ನಮ್ಮಲ್ಲಿ ಎಲ್ಲ ತಿಂಗಳಿಗೂ ಮೂವತ್ತೇ ದಿನ. ನಿಮಗೆ ಒಗ್ಗದ ಮಾತು ನಡುವೆ ಬಂದರೆ ಕ್ಷಮಿಸಿ. ಇದೊಂದಕ್ಕೆ ಮಾತ್ರ ನಾನು ಕ್ಷಮೆ ಕೇಳುವುದು. ಉಳಿದದ್ದಕ್ಕೆ ನೀವು ಕೇಳಬೇಕು.

ನಾನು ಕಾಶವ್ವ ಬಡಿಗೇರ, ಮೊನ್ನೆಯವರೆಗೆ ಇಲ್ಲಿನ ಶಾಲೆಯ ಅಕ್ಕೋರು. ನಮ್ಮ ಮಕ್ಕಳ ಕಿವಿಯಲ್ಲಿ ಕಡಲೆಕಾಳಿನಷ್ಟು ಸಣ್ಣ ಯಂತ್ರವಿರುತ್ತದೆ, ಅದಕ್ಕೆ ತಿದ್ದುಗ ಎನ್ನುತ್ತೇವೆ. ಮಗು ಅರ್ಧಂಬರ್ಧ ಆಡಿದ್ದನ್ನು ಅದು ವಾಕ್ಯ ಮಾಡಿ ಕೇಳುವವರಿಗೆ ಮುಟ್ಟಿಸುತ್ತದೆ, ಬರೆದೂ ಇಡುತ್ತದೆ. ಹಾಗಾಗಿ ಮಕ್ಕಳು "ಅವ್ವ ಅಂಗಡಿ ಬೆಲ್ಲ ತರು" ಎಂದು ಬಿಡುತ್ತಾರೆ. ಅಂಗಡಿಗೋ, ಅಂಗಡಿಯಿಂದಲೋ, ಅದು ಯಂತ್ರದ ಊಹೆ. ಇದನ್ನು ಶುರುಮಾಡಿದವರು ನೀವು. ವಿಭಕ್ತಿ ಪ್ರತ್ಯಯಗಳನ್ನು ಬಾಯಿಪಾಠ ಮಾಡಿಸಿ, ತಪ್ಪಿದವರ ಕಿವಿ ಹಿಂಡಿ, ವ್ಯಾಕರಣವೆಂದರೆ ಶಿಕ್ಷೆ ಎಂದು ನಂಬಿಸಿದಿರಿ. ಮಕ್ಕಳು ಓಡಿಹೋದಾಗ ಕೈಗೆ ಫೋನ್ ಕೊಟ್ಟು "ಅದೇ ತಿದ್ದುತ್ತೆ ಬಿಡು" ಎಂದಿರಿ.

ಹೋದ ವರ್ಷ ನನ್ನ ತರಗತಿಯ ದಾಕ್ಷಾಯಿಣಿ ಮತ್ತು ಮೈಲಾರಿ ನೀರಿನ ತೊಟ್ಟಿಯ ಮೆಟ್ಟಿಲ ಮೇಲೆ ಜಗಳವಾಡಿದರು. ಮೈಲಾರಿ ಬಿದ್ದು ಕೈ ಮುರಿದುಕೊಂಡ. ಮುಖ್ಯಗುರುಗಳು ಕೇಳಿದಾಗ ಹುಡುಗಿ ಅಳುತ್ತ, "ಮೈಲಾರಿ ನಾನು ತಳ್ಳು, ಬೀಳು" ಎಂದಳು. ತಿದ್ದುಗ ಬರೆಯಿತು: ಮೈಲಾರಿಯನ್ನು ನಾನು ತಳ್ಳಿದೆ, ಅವನು ಬಿದ್ದ. ಒಂದು 'ಅನ್ನು' ತಪ್ಪು ಹೆಸರಿಗೆ ಅಂಟಿಕೊಂಡಿತು. ಅವಳನ್ನು ಶಾಲೆಯಿಂದ ಹೊರಗೆ ಹಾಕಿದರು.

"ಹುಡುಗಿ ಹಂಗ ಅಂದಿಲ್ರೀ," ಎಂದೆ ನಾನು.

"ತಿದ್ದುಗ ಸುಳ್ಳು ಬರೀತೈತೇನ್ರೀ ಅಕ್ಕೋರ? ಸುಮ್ಮನ ನಿಮ್ಮ ಕ್ಲಾಸಿಗೆ ಹೋಗ್ರಿ," ಎಂದರು ಮುಖ್ಯಗುರುಗಳು.

ಆ ಸಂಜೆಯಿಂದ ಶಾಲೆಯ ಹಿಂದಿನ ಬಯಲಿನಲ್ಲಿ ಆಟ ಶುರುವಾಯಿತು. ಮೊದಲು ತಿದ್ದುಗ ತೆಗೆದಿಡಬೇಕು. ನೆಲದ ಮೇಲೆ ಸುಣ್ಣದಲ್ಲಿ ದೊಡ್ಡ ಬಳೆಗಳನ್ನು ಎಳೆದು, ಒಂದೊಂದರೊಳಗೆ ಅನ್ನು, ಇಂದ, ಗೆ, ಅಲ್ಲಿ ಎಂದು ಬರೆದೆ. ಒಬ್ಬ ನಾಯಿ, ಒಬ್ಬ ಹುಡುಗ, ಒಬ್ಬಳು 'ಕಚ್ಚು'. ನಾಮಪದಗಳು ತಮ್ಮ ಸರದಿ ಬರುವವರೆಗೆ ಕೂತಿರಬೇಕು, ಕ್ರಿಯಾಪದ ಓಡುತ್ತಿರಬೇಕು. ಹುಡುಗ 'ಅನ್ನು' ಒಳಗೆ ಹಾರಿದರೆ ನಾಯಿ ಹುಡುಗನನ್ನು ಕಚ್ಚಿತು. ನಾಯಿ ಹಾರಿದರೆ ಹುಡುಗನೇ ನಾಯಿಯನ್ನು ಕಚ್ಚಿದ! ಮಕ್ಕಳು ಬಿದ್ದು ಬಿದ್ದು ನಕ್ಕರು. ಕಾಗುಣಿತಕ್ಕೆ ಇನ್ನೊಂದು ಆಟ. 'ಕ', 'ತೆ' ಇಬ್ಬರು ನಿಂತು ಕತೆಯಾದಾಗ ಮೂರನೆಯವಳು 'ತೆ'ಯ ಕಾಲಡಿ ಒತ್ತಕ್ಷರವಾಗಿ ಕೂತರೆ ಕತೆ ಕತ್ತೆಯಾಗುತ್ತಿತ್ತು. ಮೈಲಾರಿ ಕೈಗೆ ಪಟ್ಟಿ ಕಟ್ಟಿಕೊಂಡೇ ಬಂದ. ದಾಕ್ಷಾಯಿಣಿ ಅವನ ಕಡೆ ನೋಡಲಿಲ್ಲ. ಆದರೆ 'ಅನ್ನು' ಬಳೆಯಿಂದ ಅವಳು ಹೊರಬರಲೂ ಇಲ್ಲ. ಬೇರೆ ಬೇರೆ ಹೆಸರು ಹೇಳುತ್ತ ಅಲ್ಲೇ ಮತ್ತೆ ಮತ್ತೆ ಹಾರುತ್ತಿದ್ದಳು.

ಅವಳನ್ನು ಮತ್ತೆ ಸೇರಿಸಿಕೊಳ್ಳಬೇಕೋ ಬೇಡವೋ ಎಂದು ಹೋದ ತಿಂಗಳ ಪಾಲಕರ ಸಭೆಯಲ್ಲಿ ತೀರ್ಮಾನವಾಗಬೇಕಿತ್ತು. ಮುಖ್ಯಗುರುಗಳು ಆ ವಾಕ್ಯವನ್ನೇ ಓದಿದರು. ದಾಕ್ಷಾಯಿಣಿ ಎದ್ದು ನಿಂತು ಕಿವಿಯಿಂದ ತಿದ್ದುಗ ಕಿತ್ತು ಅಪ್ಪನ ಕೈಗಿಟ್ಟಳು.

"ನಾನು ಮೈಲಾರಿನ್ನ ತಳ್ಳಿಲ್ಲ," ಎಂದಳು, ಒಂದೊಂದೇ ಪದ ಊರಿ. "ಮೈಲಾರಿ ನನ್ನನ್ನ ತಳ್ಳಿದ. ನಾ ಸರದೆ. ಅವ ಬಿದ್ದ."

ಮುಖ್ಯಗುರುಗಳು ಬಾಯಿ ತೆರೆಯುವಷ್ಟರಲ್ಲಿ ಹಿಂದಿನಿಂದ ಮೈಲಾರಿಯ ಅಳು ಕೇಳಿಸಿತು. "ಹೌದ್ರೀ. ನಾನ ಅಕೀನ್ನ ತಳ್ಳಿದ್ದು."

ಅವಳ ಅಪ್ಪ ಮುಖ ಮುಚ್ಚಿಕೊಂಡರು. ಮಗಳ ಬಾಯಿಂದಲೇ ಬಂದ ಪೂರ್ತಿ ಮಾತನ್ನು ಅವರು ಅದೇ ಮೊದಲ ಸಲ ಕೇಳಿದ್ದು.

ದಾಕ್ಷಾಯಿಣಿಯನ್ನು ಸೇರಿಸಿಕೊಂಡರು. ಯಂತ್ರದ ಮೇಲೆ ಮಕ್ಕಳಿಗೆ ಅಪನಂಬಿಕೆ ಹುಟ್ಟಿಸಿದಳೆಂದು ನನ್ನನ್ನು ತೆಗೆದುಹಾಕಿದರು, ಬಯಲಿಗೆ ಬೇಲಿ ಹಾಕಿದರು. ಅವರ ಮೇಲೆ ನನಗೆ ಸಿಟ್ಟಿದೆ. ನಿಮ್ಮ ಮೇಲಿನದು ಅದಕ್ಕಿಂತ ಹೆಚ್ಚು. ಅವರಿಗೆ ಗೊತ್ತಿರಲಿಲ್ಲ, ಅವರೂ ಹಾಗೇ ಬೆಳೆದವರು. ನಿಮ್ಮ ಬಾಯಲ್ಲಿ ಭಾಷೆ ಇಡಿಯಾಗಿತ್ತು. ಅದನ್ನು ಆಡಿಸಿ ಕಲಿಸಲು ನಿಮಗೆ ಪುರುಸೊತ್ತಿರಲಿಲ್ಲ.

ಈಗ ಮಕ್ಕಳು ನನ್ನ ಹಿತ್ತಲಿಗೆ ಕದ್ದು ಬರುತ್ತಾರೆ, ಪಿಸುಗುಟ್ಟುತ್ತ ಆಡುತ್ತಾರೆ. ನೀವು ಕದ್ದು ಆಡಬೇಕಾಗಿಲ್ಲ. ಬೀದಿಯಲ್ಲಿ ನಿಂತು ಕೂಗಾಡಿದರೂ ನಿಮ್ಮನ್ನು ತಡೆಯುವವರಿಲ್ಲ. ಫೋನ್ ಬದಿಗಿಟ್ಟು ಮಕ್ಕಳ ಜೊತೆ ಅಂಗಳಕ್ಕಿಳಿಯಿರಿ.

ಕಾಶವ್ವ ಬಡಿಗೇರ