ಸ್ವಾಮಿಯ ಅಳತೆ

ಅಮ್ಮಾ,

ಯಾವ ಬಟ್ಟೆ ಕೊಟ್ಟರೂ ನೀನು, "ಯೇಸುಸ್ವಾಮಿಗೇ ಹೊಲೀತಿದೀನಿ ಅನ್ಕೊಂಡು ಹೊಲಿ" ಎನ್ನುತ್ತಿದ್ದೆ. "ಸ್ವಾಮೀದು ಅಳತೆ ತಗೊಂಡಿದೀಯಾ?" ಎಂದು ನಾನು ಕೆಣಕುತ್ತಿದ್ದೆ. ನೀನು ಬಾಯ್ತುಂಬ ಗುಂಡುಪಿನ್ನು ಕಚ್ಚಿಕೊಂಡೇ ಟೇಪಿನಿಂದ ನನ್ನ ಬೆನ್ನಿಗೊಂದು ಬಾರಿಸುತ್ತಿದ್ದೆ.

ಇಂದು ನಮ್ಮ ಹೊಲಿಗೆ ಅಂಗಡಿಗೆ ಒಬ್ಬರು ಬಂದರು. ಆಗಷ್ಟೇ ಆಸ್ಪತ್ರೆಯಿಂದ ಬಿಡುಗಡೆಯಾದವರು. ಯಾರೋ ಕೊಟ್ಟ ಕೋಟು ಮೈಮೇಲೆ ಜೋಲಾಡುತ್ತಿತ್ತು. "ನಾಳೆ ಕೆಲಸ ಕೇಳೋಕೆ ಹೋಗ್ಬೇಕು. ಮೇಲ್ಮೇಲೆ ಎರಡು ಹೊಲಿಗೆ ಹಾಕಿ, ಸಾಕು" ಎಂದರು.

ಕೈ ಒಪ್ಪಲಿಲ್ಲ. ನಿನ್ನ ಹಳೆಯ ಟೇಪು ಹುಡುಕಿ ಅಳೆದೆ, ಕೋಟನ್ನು ಪೂರ್ತಿ ಬಿಚ್ಚಿ ಹೊಲಿದೆ, ಯಾರಿಗೂ ಕಾಣದ ಒಳಪದರವನ್ನೂ.

ತೊಟ್ಟುಕೊಂಡು ಕನ್ನಡಿಯ ಮುಂದೆ ಅವರು ನೆಟ್ಟಗೆ ನಿಂತರು. "ಅಮ್ಮಾ, ಬಂದು ನೋಡು" ಎಂದು ಒಳಕ್ಕೆ ಕೂಗಿಯೇಬಿಟ್ಟೆ. ಅವರು ಇಣುಕಿ, "ಒಳಗೆ ಯಾರೂ ಇಲ್ವಲ್ಲ" ಎಂದರು.

ಎದೆ ಮೂವತ್ತೆರಡು, ಅಮ್ಮಾ. ನಿನ್ನ ಸ್ವಾಮಿ ತುಂಬಾ ಬಡಕಲು.